ಆಳಕ್ಕೆ ಕೂಗುವ ಡಬ್ಬಿ

ಅಫಜಲಪುರ
ಸೋಮವಾರ, ೧೮ ಆಗಸ್ಟ್ ೨೦೨೫

ಪ್ರೀತಿಯ ಮನೆಯವರಿಗೆ,

ನಿಮ್ಮ ಸುಮಂಗಲಾಳ ಜೈಭೀಮ. ಹೇಗಿದ್ದೀರಿ? ಬಲೆಯ ಹಗ್ಗ ಎಳೆದು ಅಂಗೈ ಕಿತ್ತಿತ್ತಲ್ಲ, ಆ ಗಾಯ ಮಾಯಿತೇ? ಹಚ್ಚಿಕೊಳ್ಳಲಿ ಎಂದು ಅರಿಸಿನದ ಪೊಟ್ಟಣ ಕಟ್ಟಿ ಕೊಟ್ಟಿದ್ದೆ. ಅದು ನಿಮ್ಮ ಚೀಲದ ಮೂಲೆಯಲ್ಲಿ ಕಟ್ಟಿದ ಗಂಟು ಕಟ್ಟಿದ ಹಾಗೆಯೇ ಕುಳಿತಿದೆ ಎಂದು ನಾನು ಇಲ್ಲಿಂದಲೇ ಹೇಳಬಲ್ಲೆ. ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀರೋ, ಇಲ್ಲ ಮೂರು ಹೊತ್ತೂ ಆ ಕುಚ್ಚಲಕ್ಕಿ ಗಂಜಿಯಲ್ಲೇ ನಡೆದಿದೆಯೋ? ಇಲ್ಲಿ ನಾವು ಮೂವರೂ ಆರಾಮ ಇದ್ದೇವೆ. ಅತ್ತೆಯ ಮೊಣಕಾಲು ಮಳೆ ಬಂದಾಗ ನೋಯುತ್ತದೆ, ಮಳೆ ನಿಂತಾಗ ಬಾಯಿ ನೋಯುತ್ತದೆ, ಯಾಕೆಂದರೆ ಓಣಿಯ ತುಂಬ ಮಾತಾಡಿ ಬರುತ್ತಾರೆ. ಸಂಘಮಿತ್ರಾ ಈ ಸಲ ಶಾಲೆಯ ಸ್ವಾತಂತ್ರ್ಯ ದಿನದಲ್ಲಿ ಭಾಷಣ ಮಾಡಿದಳು. ನಡುವೆ ಮರೆತು ನಿಂತಳು, ಆದರೆ ಅಳಲಿಲ್ಲ. ಮನೆಗೆ ಬಂದು, "ಅಪ್ಪಾ ಇದ್ದಿದ್ರ ಮರೀತಿದ್ದಿಲ್ಲ" ಎಂದಳು. ನಾನು ಎದುರಿಗೇ ಕುಳಿತಿದ್ದೆ, ನನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ ನಿಮ್ಮ ಮಗಳು.

ಫೋನ್ ಇರುವ ಕಾಲದಲ್ಲಿ ಇದೇನು ಕಾಗದ ಎನ್ನಬೇಡಿ. ನೀವಿರುವಲ್ಲಿ ಫೋನ್ ಹತ್ತುವುದಿಲ್ಲ. ದಂಡೆಗೆ ಬಂದಾಗ ಹತ್ತಿದರೂ ನಿಮ್ಮ ಸುತ್ತ ದೋಣಿಯವರೆಲ್ಲ ಕಿವಿ ಕೊಟ್ಟು ಕುಳಿತಿರುತ್ತಾರೆ, ನೀವು "ಹೂಂ" ಬಿಟ್ಟು ಬೇರೆ ಮಾತಾಡುವುದಿಲ್ಲ. ನಾನೊಬ್ಬಳೇ ಈ ಕಡೆಯಿಂದ ಹುಚ್ಚಿಯ ಹಾಗೆ ಮಾತಾಡಬೇಕು. ನಮ್ಮ ಎದುರು ಮನೆಯ ಗೌಸಮೊಹಿದ್ದೀನ ಇವತ್ತು ಸಂಜೆ ತೊಗರಿ ಬೇಳೆಯ ಲೋಡು ತೆಗೆದುಕೊಂಡು ಕುಂದಾಪುರಕ್ಕೆ ಹೊರಟಿದ್ದಾನೆ. ಗಂಗೊಳ್ಳಿ ಬಂದರಿಗೆ ಹೋಗಿ ನಿಮ್ಮ ಸಾಹುಕಾರರ ಐಸಿನ ಷೆಡ್ಡಿನಲ್ಲಿ ಪೊಟ್ಟಣ ಕೊಟ್ಟು ಬರುತ್ತೇನೆ ಎಂದಿದ್ದಾನೆ. ನೀವು ಸಮುದ್ರದಿಂದ ಬರುವುದು ಅಮಾವಾಸ್ಯೆಯ ಹೊತ್ತಿಗೆ. ಅಷ್ಟರಲ್ಲಿ ಇದು ನಿಮ್ಮ ದಾರಿ ಕಾಯುತ್ತ ಅಲ್ಲಿರುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇಟ್ಟಿದ್ದೇನೆ. ಎಲ್ಲರಿಗೂ ಹಂಚಿ ನೀವು ಬರಿಗೈಯಲ್ಲಿ ಕೂಡಬೇಡಿ. ಅದರ ಕೆಳಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿರುವುದು ಹೊಸ ಡಬ್ಬಿ.

ಹೌದು, ಇನ್ನೊಂದು ಡಬ್ಬಿ ಮಾಡಿದ್ದೇನೆ. ಹೋದ ಸಲ ಐಸು ತುಂಬುವಾಗ ನೀವು ಫೋನಿನಲ್ಲಿ ಹೇಳಿದಿರಲ್ಲ, "ನಿನ್ ಡಬ್ಬಿ ಒಂದ ಸವನ ಒದರ್ತದ ಬೇ, ದೂರ ಹೋದಂಗೆಲ್ಲ ಒದರ್ತದ, ದಂಡಿ ಕಡೆ ಬಂದ್ರ ಸುಮ್ಮನಾಗ್ತದ" ಎಂದು. ಆಗ ನಾನು ತಟ್ಟನೆ, ಅದು ಎಂಜಿನ್ನಿನ ಗಲಾಟೆ, ಪಕ್ಕದ ಗುಂಡಿ ಒತ್ತಿ ಬಾಯಿ ಮುಚ್ಚಿಸಿ, ದಂಡೆಗೆ ಹೊರಳುವಾಗ ಮತ್ತೆ ಒತ್ತಿ ಚಾಲೂ ಮಾಡಿ ಎಂದೆ. ನೀವು "ಹೂಂ" ಎಂದಿರಿ. ಫೋನ್ ಇಟ್ಟ ಮೇಲೆ ನನಗೆ ಅನ್ನ ಸೇರಲಿಲ್ಲ. ಅಷ್ಟು ಬೇಗ ಉತ್ತರ ಹೇಳಬಾರದಿತ್ತು ನಾನು. ಬೋರಿನ ಸ್ಟಾರ್ಟರು ಕೆಟ್ಟಿದೆ ಎಂದು ರೈತರು ಫೋನ್ ಮಾಡಿದರೂ ಕಣ್ಣಿನಿಂದ ನೋಡದೆ ಹೀಗೇ ಎಂದು ಹೇಳುವವಳಲ್ಲ ನಾನು. ಗಂಡನ ದೋಣಿ ಎಂದಾಗ ಮಾತ್ರ ಏನು ಅವಸರವೋ.

ಆವತ್ತಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ಮಸರತ, ಗೌಸಮೊಹಿದ್ದೀನನ ಹೆಂಡತಿ, ನಿನ್ನೆ ಬಂದು ಕುಳಿತು, "ರಾತ್ರಿ ಹಗಲ ಅದನ್ನ ಬಿಚ್ಚತಿ, ಅದನ್ನ ಕಟ್ಟತಿ, ಏನದು ಹೇಳರೆ ಹೇಳು" ಎಂದಳು. ಹೇಳಿದೆ. ದೋಣಿಯ ತಳದಲ್ಲಿ ಒಂದು ಹಳೆಯ ಯಂತ್ರ ಇರುತ್ತದೆ, ನೀರಿನೊಳಗೆ ಸದ್ದು ಬಿಟ್ಟು ಅದು ನೆಲಕ್ಕೆ ಬಡಿದು ಮರಳಿ ಬರುವುದನ್ನು ಕೇಳಿ, ಅಡಿಯಲ್ಲಿ ಎಷ್ಟು ನೀರಿದೆ ಎಂದು ಹೇಳುತ್ತದೆ. ನಮ್ಮವರ ದೋಣಿಯಲ್ಲಿರುವುದಕ್ಕೆ ವಯಸ್ಸಾಗಿ ಅಂಕಿ ತೋರಿಸುವ ಗಾಜು ಸತ್ತಿದೆ, ಕಿವಿ ಮಾತ್ರ ಚುರುಕಾಗಿದೆ. ಹೊಸದು ತರೋಣವೆಂದರೆ ಬೆಲೆ ಕೇಳಿಯೇ ಸಾಹುಕಾರರು ಎದೆ ಹಿಡಿದುಕೊಂಡರು. ಆದರೆ ಆ ಹಳೆಯದು ಕಂಡದ್ದನ್ನೆಲ್ಲ ಒಂದೊಂದು ಸಾಲು ಮಾಡಿ ತಂತಿಯಲ್ಲಿ ಇನ್ನೂ ಕಳಿಸುತ್ತಲೇ ಇರುತ್ತದೆ. ಅದರ ಕಾಲದ ಭಾಷೆ ಈಗಿನ ಮೊಬೈಲಿಗೆ ತಿಳಿಯುವುದಿಲ್ಲ. ನನ್ನ ಡಬ್ಬಿ ನಡುವೆ ಕುಳಿತು ಆ ಸಾಲು ಓದಿ ಮೊಬೈಲಿಗೆ ತಿಳಿಯುವ ಹಾಗೆ ಹೇಳುತ್ತದೆ. ಮಸರತ ಗಲ್ಲಕ್ಕೆ ಕೈ ಹಚ್ಚಿ ಕೇಳುತ್ತಿದ್ದವಳು, "ಅಂದ್ರ ನಿಜಾಮನ ಕಾಲದ ಹೊಲದ ಉರ್ದು ಕಾಗದ ಓದಿ ಹೇಳ್ತಾರಲ್ಲ, ಆ ಮುನ್ಷಿ ಇದ್ದಂಗ" ಎಂದಳು. ಆಳಂದದ ಐಟಿಐಯಲ್ಲಿ ಎರಡು ವರ್ಷ ಕಲಿತ ನನಗೆ ಅಷ್ಟು ಸಣ್ಣದಾಗಿ ಹೇಳಲು ಬರಲಿಲ್ಲ ನೋಡಿ.

ನಾನು ಮಸರತಳಿಗೆ ಹೇಳದ ಮಾತೊಂದಿದೆ, ಅದು ಅಳಿವೆಯ ಮಾತು. ಹೊಳೆ ಸಮುದ್ರ ಸೇರುವ ಆ ಬಾಯಿಯ ಬಗ್ಗೆ ನೀವು ಮೊದಲ ವರ್ಷ ಬಂದಾಗ ಹೇಳಿದ್ದು ನನಗೆ ಇನ್ನೂ ನೆನಪಿದೆ. ಮರಳಿನ ದಿಬ್ಬ ಇವತ್ತು ಇಲ್ಲಿ ಇದ್ದದ್ದು ನಾಳೆ ಅಲ್ಲಿ ಇರುತ್ತದೆ, ದೋಣಿಯ ಹೊಟ್ಟೆ ಅದಕ್ಕೆ ಕಚ್ಚಿತೋ, ಹಿಂದಿನ ಅಲೆ ಬಂದು ಅಡ್ಡ ಮಲಗಿಸುತ್ತದೆ ಎಂದಿದ್ದಿರಿ. ಕೇಳಿದ ದಿನ ಅತ್ತೆ ಎದ್ದು ಒಳಗೆ ಹೋಗಿದ್ದರು. ದೋಣಿ ನಡೆಸುವ ತಾಂಡೇಲರು ಡಬ್ಬಿಗೆ ಕೂಗುವ ಬಾಯಿ ಬೇಕೇ ಬೇಕು ಎಂದದ್ದೂ ಅದಕ್ಕೇ. ಅಳಿವೆಯಲ್ಲಿ ಮಳೆ, ನೊರೆ, ಪ್ಲಾಸ್ಟಿಕ್ ಚೀಲದೊಳಗಿನ ಮೊಬೈಲು ಯಾರಿಗೆ ಕಾಣುತ್ತದೆ? ಕಣ್ಣೆಲ್ಲ ಅಲೆಯ ಮೇಲೆ ಇರುತ್ತದೆ, ಬಿಡುವಿರುವುದು ಕಿವಿಗೆ ಒಂದೇ. ಎರಡು ಮಾರು ನೀರಿನ ಗುರುತು ಇಡು, ಅಪಾಯ ಬಂದರೆ ಕೂಗಲಿ ಎಂದಿದ್ದರಂತೆ. ಇಟ್ಟೆ. ಮೊದಲ ಸಲ ಮರಳಿ ಬರುವಾಗ ಡಬ್ಬಿ ಅಳಿವೆಯಲ್ಲಿ ತುಟಿ ಬಿಚ್ಚಲಿಲ್ಲ, ದೋಣಿ ಹೂವಿನ ಹಾಗೆ ಒಳಗೆ ಬಂತು ಎಂದು ನೀವೇ ಹೇಳಿದಿರಿ. ಅದು ಭರತದ ಹೊತ್ತು, ದೋಣಿ ತೇಲುವಷ್ಟು ನೀರು ಏರಿತ್ತು. ಈಗ ತಾಂಡೇಲರು ಇನ್ನು ಭರತಕ್ಕೆ ಕಾಯುತ್ತ ಹೊರಗೆ ಕೂಡುವುದಿಲ್ಲ, ಪೆಟ್ಟಿಗೆ ಸುಮ್ಮನಿದ್ದರೆ ಹೊಕ್ಕೇಬಿಡುವುದು ಎನ್ನುತ್ತಿದ್ದಾರೆ ಎಂದಿರಿ. ಎಷ್ಟು ಹೆಮ್ಮೆಯಿಂದ ಹೇಳಿದಿರಿ! ನನಗೂ ಹೆಮ್ಮೆಯಾಯಿತು. ಅದರ ಹಿಂದೆಯೇ ಎದ್ದು ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಎಂದಿದೆ ಎಂದು ನೋಡಿದೆ. ಅಮಾವಾಸ್ಯೆಯ ಇಳಿತದಲ್ಲಿ ಅಳಿವೆ ತೀರ ಬತ್ತುತ್ತದೆ ಎಂದು ಹೇಳಿಕೊಟ್ಟವರೂ ನೀವೇ.

ಸಾಹುಕಾರರ ಮಾತು ನೆನೆದರಂತೂ ಇನ್ನಷ್ಟು ಚಿಂತೆ. ದೀಪಾವಳಿಯವರೆಗೆ ಈ ಡಬ್ಬಿ ಸರಿಯಾಗಿ ನಡೆದರೆ ತಮ್ಮ ಅಣ್ಣತಮ್ಮಂದಿರ ದೋಣಿಗಳಿಗೆಲ್ಲ ನಮ್ಮ ಕೈಯಿಂದಲೇ ಮಾಡಿಸುತ್ತೇನೆ, ಬಂದರಿನ ಉಳಿದವರಿಗೂ ಹೇಳುತ್ತೇನೆ ಎಂದಿದ್ದಾರಲ್ಲ. ಹಾಗಾದರೆ ನೀವು ಬಲೆ ಎಳೆಯುವುದು ನಿಲ್ಲುತ್ತದೆ. ಮೀನುಗಾರಿಕೆ ನಿಂತ ತಿಂಗಳಲ್ಲಿ ಹೋಗಿ ಕೂಡಿಸಿ ಬರುವುದು, ಉಳಿದ ದಿನ ಇಲ್ಲೇ ಅಂಗಡಿಯಲ್ಲಿ ನನ್ನ ಜೊತೆ ಕೂಡುವುದು. ಅಂಗಡಿಯ ಎಡಗಡೆ ಖಾಲಿ ಗೋಡೆಗೆ ಹಲಗೆ ಹೊಡೆಸಲು ಬಡಿಗೇರರಿಗೆ ಹೇಳಿಯೂ ಬಿಟ್ಟಿದ್ದೇನೆ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ನಗಬೇಡಿ. ನಾಲ್ಕು ವರ್ಷದಿಂದ ಒಬ್ಬಳೇ ಆ ಅಂಗಡಿಯಲ್ಲಿ ಕುಳಿತು, ಬಂದವರೆಲ್ಲ "ಮಿಸ್ತ್ರಿ ಇಲ್ಲೇನವ್ವಾ?" ಎಂದು ಕೇಳುವುದನ್ನೂ, "ನಾನೇ ಮಿಸ್ತ್ರಿ" ಎಂದಾಗ ಅವರು ನನ್ನ ತಲೆಯ ಮೇಲೆ ಹಾದು ಒಳಗೆ ಇಣುಕುವುದನ್ನೂ ನೋಡಿ ಸಾಕಾಗಿದೆ. ನೀವು ಬಂದು ಕುಳಿತರೆ, ನಿಮ್ಮನ್ನು ಕೇಳಿದವರಿಗೆ ನೀವು ನನ್ನ ಕಡೆ ಬೆರಳು ತೋರಿಸಬೇಕು. ಅದೊಂದನ್ನು ನೋಡುವ ಆಸೆ ನನಗೆ.

ಮನಸ್ಸು ಹಗುರ ಮಾಡಿಕೊಳ್ಳಲು ಘತ್ತರಗಿಯ ದಿನ ನೆನೆಯುತ್ತೇನೆ. ಸಾಹುಕಾರರ ಇನ್ನೊಂದು ದೋಣಿಯಿಂದ ಕಿತ್ತಿಟ್ಟ ಅಂಥದೇ ಹಳೆಯ ಯಂತ್ರವನ್ನು ನೀವು ಗೋಣಿಚೀಲದಲ್ಲಿ ಹೊತ್ತು ತಂದದ್ದು, ಅತ್ತೆ ಒಣಮೀನು ಬಂತೆಂದು ಹಿಗ್ಗಿ ಗಂಟು ಬಿಚ್ಚಿ ನೋಡಿ, ಅದನ್ನೂ ನಿಮ್ಮನ್ನೂ ಬೈದದ್ದು! ಭೀಮೆಯಲ್ಲಿ ಆಗತಾನೆ ಹೊಸ ನೀರು ಬಂದಿತ್ತು. ದೋಣಿಯವನ ಕಾಲು ಹಿಡಿದು ಒಪ್ಪಿಸಿ ನೀವು ಯಂತ್ರದ ಕಿವಿಯನ್ನು ಪಕ್ಕದಿಂದ ನೀರಿಗೆ ಇಳಿಬಿಟ್ಟು ಕುಳಿತಿರಿ, ನಾನು ಮಡಿಲಲ್ಲಿ ಬ್ಯಾಟರಿ, ಡಬ್ಬಿ, ಮೊಬೈಲು ಇಟ್ಟುಕೊಂಡು ಕೂಸಿನ ಹಾಗೆ ಅಪ್ಪಿಕೊಂಡಿದ್ದೆ. ಭಾಗ್ಯವಂತಿ ದೇವಿಯ ಗುಡಿಗೆ ಬಂದ ಜನವೆಲ್ಲ ಮೆಟ್ಟಿಲ ಮೇಲೆ ನಿಂತು ನೋಡುತ್ತಿತ್ತು. ದಂಡೆಯ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ಡಬ್ಬಿ ತಣ್ಣಗಿತ್ತು. ನಡುಹೊಳೆಗೆ ಹೋದೆವೋ ಇಲ್ಲವೋ, ಕಿರ್ರೆಂದು ಕೂಗಿತು. ಮೆಟ್ಟಿಲ ಮೇಲಿನವರು ಚಪ್ಪಾಳೆ ಹೊಡೆದರು. ಯಾರೋ ಒಬ್ಬ ತಾಯಿ ಆ ಸದ್ದಿಗೆ ಹೆದರಿ ತನ್ನ ಮಕ್ಕಳನ್ನು ನೀರಿನಿಂದ ಎಳೆದುಕೊಂಡಳು. ನಮ್ಮ ಅತ್ತೆಯ ದನಿ ಎಲ್ಲರಿಗಿಂತ ಮೇಲೆ: "ನೋಡ್ರೆವ್ವಾ, ನನ್ ಸೊಸಿ ಮಾಡಿದ್ದು! ಮಡು ಬಂತಂದ್ರ ಬಾಯಿ ಮಾಡಿ ಹೇಳ್ತದ!" ನೀವು ನನ್ನ ಬೆನ್ನು ಚಪ್ಪರಿಸಿ, "ಪಾಸ್" ಎಂದಿರಿ. ಮದುವೆಯಾದ ಮೇಲೆ ಅಷ್ಟು ಜನರ ಎದುರಿಗೆ ನೀವು ನನ್ನನ್ನು ಮುಟ್ಟಿದ್ದು ಅದೊಂದೇ ಸಲ, ನಾಚಿಕೆಯಾಗಿ ಡಬ್ಬಿಯೇ ಕೈಯಿಂದ ಜಾರುತ್ತಿತ್ತು.

ಅಂಕಿಗಳೂ ಸರಿಯಿದ್ದವು. ದೋಣಿಯವನು ಗಳ ಇಳಿಸಿ ಅಳೆದದ್ದೂ ಮೊಬೈಲು ತೋರಿಸಿದ್ದೂ ಒಂದೇ. ಹಾಗಾಗಿ ಓದುವ ಭಾಗದಲ್ಲಿ ತಪ್ಪಿಲ್ಲ. ಕೂಗುವ ಭಾಗವಂತೂ ಹೊಸದಲ್ಲ. ಜೇವರ್ಗಿ ಕಡೆಯ ಇಜೇರಿಯಲ್ಲಿ ಶಿವಪ್ರಕಾಶರ ಬೋರಿಗೆ ನೀರಿನ ಮಟ್ಟ ತಿಳಿಸುವ ಡಬ್ಬಿ ಮಾಡಿ ಕೊಟ್ಟಿದ್ದೆನಲ್ಲ, ಅದರಲ್ಲಿ ಬರೆದ ಪ್ರೋಗ್ರಾಮನ್ನೇ ಎತ್ತಿ ಇದಕ್ಕೆ ಹಾಕಿದ್ದೇನೆ. ಗುರುತಿನ ಅಂಕಿ ಮಾತ್ರ ಬದಲಿಸಿದೆ. ಅದು ಎರಡು ಬೇಸಿಗೆ ಕಂಡ ಡಬ್ಬಿ. ಮೊನ್ನೆ ಅಳಿಲು ತಂತಿ ಕಡಿದಿದೆ ಎಂದು ಕರೆದಿದ್ದರು, ಹೋಗಿ ಬಂದೆ. ಶಿವಪ್ರಕಾಶರು ಚಹಾ ಕೊಟ್ಟು, "ನಿಮ್ಮ ಡಬ್ಬಿ ಮನಿ ಹಿರೇರು ಇದ್ದಂಗ್ರಿ ಅಕ್ಕೋರ, ಸುಮ್ಮ ಸುಮ್ಮನ ಬಾಯಿ ತಗಿಯಂಗಿಲ್ಲ, ತಗದ್ರ ಸುಳ್ಳಾಗಂಗಿಲ್ಲ" ಎಂದರು. ಬಸ್ಸಿನಲ್ಲಿ ಬರುವಾಗ ಎಷ್ಟು ಸಮಾಧಾನವಾಗಿತ್ತು. ಅಣ್ಣ ಇಷ್ಟು ನಂಬಿಗಸ್ತನಾದರೆ ತಮ್ಮ ಹೇಗೆ ಕೆಡುತ್ತಾನೆ ಎಂದುಕೊಂಡೆ.

ಹಾಗಾದರೆ ದೋಣಿಯಲ್ಲಿ ಅದು ಒದರುವುದು ಯಾಕೆ? ದೂರ ಹೋದಾಗ ಎಂಜಿನ್ನು ಜೋರಾಗಿ ಓಡುತ್ತದೆ, ಅದರ ಗಲಾಟೆ ತಂತಿಯೊಳಗೆ ಹೊಕ್ಕು ಡಬ್ಬಿಯನ್ನು ಕೆಣಕುತ್ತದೆ. ದಂಡೆಗೆ ಬರುವಾಗ ಎಂಜಿನ್ನು ನಿಧಾನ, ಡಬ್ಬಿಯೂ ನಿಧಾನ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಒಂದು ಮಾತು ಅದರೊಳಗೆ ಕೂಡುತ್ತಿಲ್ಲ. ಗಲಾಟೆ ಹೊಕ್ಕಿದ್ದರೆ ಮೊಬೈಲಿನ ಅಂಕಿಯೂ ಮೇಲೆ ಕೆಳಗೆ ಕುಣಿಯಬೇಕಿತ್ತು. ನೀವು ಅಂಕಿ ಗಟ್ಟಿ ನಿಂತಿದೆ ಎಂದಿರಿ. ನಾನು ಎರಡು ಸಲ ಕೇಳಿದೆ, ಎರಡು ಸಲವೂ ಅದನ್ನೇ ಹೇಳಿದಿರಿ. ಹೀಗೆ ಒಂದು ಎಳೆ ಹೊರಗೆ ಉಳಿದುಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ, ನಿಮಗೆ ಗೊತ್ತೇ ಇದೆ. ಅತ್ತೆಗೆ ಹೇಳಿದರೆ, "ನಿನ್ ತಲಿಯಾಗ ಎಂಜಿನ್ ಕುಂತದ, ಅದನ್ನ ಮೊದ್ಲ ಬಂದ್ ಮಾಡು" ಎನ್ನುತ್ತಾರೆ. ಹಾಗೆ ಅನ್ನುವವರೇ ಈ ಅಮಾವಾಸ್ಯೆಗೆ ಘತ್ತರಗಿಗೆ ಹೋಗಿ ನಿಮ್ಮ ಹೆಸರಿನಲ್ಲಿ ಎಡೆ ಕೊಡುತ್ತಾರಂತೆ. ಮನೆಯಲ್ಲಿ ಬುದ್ಧನ ಫೋಟೋದ ಎದುರಿಗೆ ಮೇಣದಬತ್ತಿ ಹಚ್ಚಿದ ಕೈಯಿಂದಲೇ ಅಲ್ಲಿ ಕಾಯಿ ಒಡೆಸುವುದು ಹೇಗತ್ತೆ ಎಂದು ರೇಗಿಸಿದೆ. "ಮಗ ನೀರಿನ ಮ್ಯಾಗ ಅದಾನ, ಯಾರ ಮಾತು ಅಲ್ಲಿ ನಡೀತದೋ ಏನು ಗೊತ್ತು, ಇಬ್ರಿಗೂ ಹೇಳಿಟ್ಟಿರ್ತೀನಿ" ಎಂದರು. ಮೊದಲಾಗಿದ್ದರೆ ವಾದ ಮಾಡುತ್ತಿದ್ದೆ. ಈ ಸಲ ಅವರ ಜೊತೆ ನಾನೂ ಹೋಗಿ ಬರೋಣವೇ ಎನಿಸುತ್ತಿದೆ, ಯಾರಿಗೂ ಹೇಳಬೇಡಿ.

ಅದಿರಲಿ. ಹೊಸ ಡಬ್ಬಿಯಲ್ಲಿ ಗಲಾಟೆ ತಡೆಯುವ ಬಿಡಿಭಾಗ ಎರಡು ಹೆಚ್ಚು ಹಾಕಿ, ತಂತಿಗೆ ದಪ್ಪ ಹೊದಿಕೆಯದನ್ನೇ ಜೋಡಿಸಿದ್ದೇನೆ. ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲೆಂದು ಬೆಸುಗೆಗಳ ಮೇಲೆಲ್ಲ ವಾರ್ನಿಷು ಹಚ್ಚಿದ್ದೇನೆ. ಹೊರಗಿನ ಪೆಟ್ಟಿಗೆ ಅದೇ ಬೋರ್ ಸ್ವಿಚ್ಚಿನದು, ಅಂದ ನೋಡಬೇಡಿ. ಹಳೆಯದನ್ನು ಕಿತ್ತು ಕೆಂಪು ತಂತಿ ಕೆಂಪಿಗೆ, ಹಸಿರು ಹಸಿರಿಗೆ ಕೂಡಿಸಿ. ಬ್ಯಾಟರಿಯ ತಂತಿ ಕೊನೆಗೆ. ಇದು ಸುಮ್ಮನೆ ಒದರುವುದಿಲ್ಲ. ಒದರಬೇಕಾದಲ್ಲಿ ಒದರುತ್ತದೆ ಎಂದು ನಂಬಿದ್ದೇನೆ. ಆದರೂ ಒಂದು ಬೇಡಿಕೆ ಇದೆ. ಈ ಒಂದು ಸಲವಾದರೂ ತಾಂಡೇಲರಿಗೆ ಹೇಳಿ ಭರತಕ್ಕೆ ಕಾದು ಒಳಗೆ ಬನ್ನಿ. ಹೆಂಡತಿಗೆ ಅಂಜಿಕೆ ಎಂದು ಹೇಳಿ, ನಗಲಿ. ಆದರೆ ಈ ಮಾತು ನಿಮ್ಮ ಕೈ ಸೇರುವುದು ನೀವು ಅಳಿವೆ ದಾಟಿ ಷೆಡ್ಡಿಗೆ ಬಂದ ಮೇಲೆ ಎಂಬುದು ಬರೆಯುತ್ತ ಬರೆಯುತ್ತ ಈಗ ಹೊಳೆಯುತ್ತಿದೆ. ಬುದ್ಧಿ ಎಲ್ಲಿಟ್ಟಿದ್ದೇನೋ. ಮುಂದಿನ ಸಲಕ್ಕಾದರೂ ಆಗಲಿ.

ದಂಡೆಗೆ ಕಾಲಿಟ್ಟ ಕೂಡಲೇ, ಮೀನು ಇಳಿಸುವ ಮೊದಲೇ ಫೋನ್ ಮಾಡಿ. ಹೂಂ ಎಂದರೂ ಸಾಕು, ಈ ಸಲ ಬೈಯುವುದಿಲ್ಲ. ಅಂಗೈಗೆ ಅರಿಸಿನ ಹಚ್ಚಿ. ಮಗಳು ಈ ಕಾಗದದ ಅಂಚಿನಲ್ಲಿ ದೋಣಿಯ ಚಿತ್ರ ಬರೆದಿದ್ದಾಳೆ, ಅದರಲ್ಲಿ ದೋಣಿಗಿಂತ ದೊಡ್ಡದಾಗಿ ನಿಂತವರು ನೀವಂತೆ. ಅತ್ತೆ ತಲೆ ನೇವರಿಸಿದ್ದೇನೆ ಎಂದು ಬರೆ ಎಂದರು, ಬರೆದಿದ್ದೇನೆ. ತಾಂಡೇಲರಿಗೂ ಜೊತೆಯವರಿಗೂ ನನ್ನ ನಮಸ್ಕಾರ ಹೇಳಿ. ಜೀವ ಜೋಪಾನ.

ನಿಮ್ಮ ದಾರಿ ಕಾಯುವ,
ಸುಮಂಗಲಾ

ತಾ.ಕ.: ರೀ, ಡಬ್ಬಿಯ ಬಗ್ಗೆ ಮೇಲೆ ಬರೆದದ್ದೆಲ್ಲ ತಪ್ಪು. ಒಂದನ್ನೂ ನಂಬಬೇಡಿ. ಗೌಸಮೊಹಿದ್ದೀನ ಲಾರಿ ಚಾಲೂ ಮಾಡಿ ನಿಂತಿದ್ದಾನೆ, ಅವನ ಸೀಟಿನ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಪೊಟ್ಟಣಕ್ಕೆ ದಾರ ಸುತ್ತುವಾಗ ಇಜೇರಿಯಿಂದ ಶಿವಪ್ರಕಾಶರ ಫೋನ್ ಬಂತು. "ಅಕ್ಕೋರ, ಡಬ್ಬಿ ಒದರಾಕತ್ತದ್ರಿ. ಅಂಕಿ ಏರಿ ಕುಂತದ, ನೀರು ಕೆಳಗ ಹೋಗ್ಯಾದ, ಮೋಟಾರ್ ಬಂದ್ ಮಾಡೇನಿ" ಎಂದರು. ಒಳ್ಳೆಯದು ಮಾಡಿದಿರಿ ಎಂದೆ. ಎಂದವಳು ಸುತ್ತುತ್ತಿದ್ದ ದಾರವನ್ನು ಬಿಚ್ಚತೊಡಗಿದೆ. ಬೋರಿನಲ್ಲಿ ಅಂಕಿ ಏರಿದರೆ ಅಪಾಯ. ನೀರು ಅಷ್ಟು ಕೆಳಗೆ ಇಳಿದಿದೆ ಎಂದರ್ಥ, ಅದಕ್ಕೇ ಗುರುತು ದಾಟಿ ಅಂಕಿ ಮೇಲೆ ಹೋದರೆ ಕೂಗು ಎಂದು ಬರೆದಿದ್ದೇನೆ. ದೋಣಿಯಲ್ಲಿ ಅಂಕಿ ಇಳಿದರೆ ಅಪಾಯ. ನಾನು ಆ ಸಾಲನ್ನು ತಿರುಗಿಸಲೇ ಇಲ್ಲ. ನಿಮ್ಮ ಡಬ್ಬಿ ನೀರು ಬೇಕಾದಷ್ಟು ಇರುವಲ್ಲಿ ಒದರುತ್ತಿದೆ, ನೆಲ ಹತ್ತಿರ ಬಂದಾಗ ಸುಮ್ಮನಾಗುತ್ತಿದೆ. ಎಂಜಿನ್ನೂ ಇಲ್ಲ, ಗಲಾಟೆಯೂ ಇಲ್ಲ. ಘತ್ತರಗಿಯಲ್ಲಿ ಮಡುವಿನ ಮೇಲೆ ಕೂಗಿದಾಗ ನಮಗೆ ಯಾರಿಗೂ ಅನುಮಾನ ಬರಲಿಲ್ಲ. ನಮ್ಮ ಕಡೆ ಜನ ಸಾಯುವುದು ಆಳದಲ್ಲಿ. ಆಳ ಬಂದರೆ ಕೂಗುವುದೇ ಸರಿ ಎಂದು ಹೊಳೆಯ ದಂಡೆಯೆಲ್ಲ ಚಪ್ಪಾಳೆ ಹೊಡೆಯಿತು. ನಾಲ್ಕು ವರ್ಷ ಸಮುದ್ರ ಕಂಡ ನೀವೂ ಆ ದಿನ ಭೀಮೆಯ ಮೇಲೆ ಕುಳಿತು ನಮ್ಮ ಊರಿನವರೇ ಆಗಿಬಿಟ್ಟಿರಿ. ತಾಂಡೇಲರು ಅನುಮಾನ ಪಡಬೇಕೆಂದಿದ್ದರೆ ನಾನು ಎಂಜಿನ್ನಿನ ಕಥೆ ಹೇಳಿ ಅದನ್ನೂ ಮುಚ್ಚಿದೆ.

ಹೊಸ ಡಬ್ಬಿಯನ್ನು ಪೊಟ್ಟಣದಿಂದ ತೆಗೆದಿದ್ದೇನೆ, ಅದರಲ್ಲೂ ಅದೇ ಸಾಲು ಇದೆ. ಈಗ ಹೋಗುತ್ತಿರುವುದು ರೊಟ್ಟಿ, ಹಿಂಡಿ, ಈ ಕಾಗದ ಅಷ್ಟೇ.

ಸಾಹುಕಾರರಿಗೆ ಫೋನ್ ಮಾಡಿದೆ. ಮೊದಲು ಒಂದು ಕ್ಷಣ, ತಂತಿ ಸಡಿಲಾಗಿದೆ ಎಂದು ಹೇಳಿಬಿಡೋಣ ಎನಿಸಿತು, ನಿಮಗೆ ಸುಳ್ಳು ಯಾಕೆ ಹೇಳಲಿ. ಅಂಗಡಿಯ ಎಡಗಡೆಯ ಗೋಡೆ ಕಣ್ಣ ಮುಂದೆ ಬಂತು. ಸಡಿಲ ತಂತಿ ಎಂದರೆ ಯಾರೂ ದೋಣಿ ನಿಲ್ಲಿಸುವುದಿಲ್ಲ ಎನ್ನುವುದೂ ಹೊಳೆಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮತ್ತೊಮ್ಮೆ ಹೇಳಿಸಿ ಕೇಳಿದರು. ಆಮೇಲೆ, "ಎಂತ ಮಾಡಿಟ್ಟೆ ಮಾರಾಯ್ತಿ, ದೋಣಿ ತುಂಬ ಜನ ಇದ್ದಾರಲ್ಲ" ಎಂದರು. ಇನ್ನು ಆ ಪೆಟ್ಟಿಗೆ ಯಾವ ದೋಣಿಗೂ ಬೇಡ ಎಂದರು. ಬೇಡ ಎಂದೆ ನಾನೂ. ಅಂಗಡಿ ಒಬ್ಬಳಿಂದಲೇ ನಡೆಯಲಿ, ನೀವು ಇನ್ನೂ ಹತ್ತು ವರ್ಷ ಬಲೆ ಎಳೆಯಬೇಕಾಗಿ ಬಂದರೂ ಬರಲಿ, ಎಳೆಯಲು ನೀವು ಇರಬೇಕಲ್ಲ.

ನಿಮ್ಮ ದೋಣಿ ಅವರ ವೈರ್‌ಲೆಸ್ಸಿಗೆ ಸಿಗದಷ್ಟು ದೂರ ಇದೆಯಂತೆ. ದಂಡೆಯ ಹತ್ತಿರದ ದೋಣಿಗೆ ಹೇಳುತ್ತಾರೆ, ಅದು ತನಗಿಂತ ಆಚೆ ಇರುವುದಕ್ಕೆ ಹೇಳುತ್ತದೆ, ಹಾಗೆ ಬಾಯಿಂದ ಬಾಯಿಗೆ ದಾಟಿಸಬೇಕು. ಏನೆಂದು ಹೇಳಿಸಲಿ, ಬೇಗ ಹೇಳು ಎಂದರು. ನಾನು ಹೇಳಿಕೊಟ್ಟದ್ದು ಇಷ್ಟು: "ಧಮ್ಮಪಾಲನ ಹೆಂಡತಿ ತಪ್ಪು ಮಾಡ್ಯಾಳ. ಆಕಿ ಡಬ್ಬಿ ಸುಮ್ಮನಾದಲ್ಲಿ ನೀರಿಲ್ಲ. ಅಳಿವೆ ಹೊರಗ ನಿಂದರ್ರಿ." ಅವರು ಅದನ್ನೇ ಎರಡು ಸಲ ಒಪ್ಪಿಸಿ ಫೋನ್ ಇಟ್ಟರು. ಈಗ ಈ ಹೊತ್ತಿಗೆ ಯಾರು ಯಾರೋ, ನನ್ನ ಮುಖ ಕಾಣದವರು, ಸಮುದ್ರದ ತುಂಬ ನನ್ನ ತಪ್ಪನ್ನು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿರಬೇಕು. ನಗುತ್ತಲೂ ಇರಬಹುದು. ನಗಲಿ ರೀ. ನಿಮ್ಮ ಕಿವಿಗೆ ಮುಟ್ಟುವವರೆಗೆ ಯಾರೂ ನಿಲ್ಲಿಸದಿದ್ದರೆ ಸಾಕು.